ಹಾಸ್ಟೆಲ್, ಪಿಜಿ ಸೇರುವ ಮಕ್ಕಳಿಗೆ: ಫೋನು, ಲ್ಯಾಪ್‌ಟಾಪು, ದುಡ್ಡು, ಜೀವ ಕಾಪಾಡಿಕೊಳ್ಳುವುದು ಹೇಗೆ?

ತೀರ್ಥಹಳ್ಳಿ_ಮಳೆ

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗಳು ಈ ವರ್ಷ ಬೆಂಗಳೂರಿನಲ್ಲಿ ಬಿಎಸ್ಸಿ ಸೇರುತ್ತಿದ್ದಾಳೆ. ಮೂರು ಜನ ಇರುವ ಪಿಜಿ ರೂಮು. ನನ್ನ ತಮ್ಮ ಧಾರವಾಡದಲ್ಲಿ ಎಂಎ, ಅವನಿಗೆ ಹಾಸ್ಟೆಲ್ ಸಿಕ್ಕಿದೆ. ಮನೆಯಲ್ಲಿ ಎಲ್ಲರೂ ಇಬ್ಬರಿಗೂ ಬುದ್ಧಿ ಹೇಳಿದ್ದೇ ಹೇಳಿದ್ದು. ಆದರೆ ಕೆಲಸಕ್ಕೆ ಬರುವಂಥ ವಿಷಯ ಒಂದೂ ಇಲ್ಲ. ಹೊಸ ಲ್ಯಾಪ್‌ಟಾಪ್ ಕೊಡಿಸಿದ್ದೇವೆ, ಸಾಲ ಮಾಡಿ. ಅದು ಹೋದರೆ ಇನ್ನೊಂದು ಕೊಡಿಸುವ ಶಕ್ತಿ ಇಲ್ಲ.

ಇಲ್ಲಿ ಹಾಸ್ಟೆಲ್ ಕಂಡವರು, ಪೊಲೀಸ್ ಇಲಾಖೆಯಲ್ಲಿದ್ದವರು, ಬ್ಯಾಂಕಿನವರು ಇದ್ದೀರಿ. ಹೆದರಿಸುವ ಕಥೆ ಬೇಡ. ಸೇರುವ ಮೊದಲು ಏನು ಮಾಡಬೇಕು, ಏನಾದರೂ ಆದರೆ ಮೊದಲು ಎಲ್ಲಿಗೆ ಹೋಗಬೇಕು, ಅಷ್ಟು ಹೇಳಿ.

ಹಾಸ್ಟೆಲ್_ಹಳಬ

ಮೊದಲ ವಿಷಯ. ಪಿಜಿಗೆ ಬರುವ ಕಳ್ಳ ಬೀಗ ಒಡೆಯುವುದು ಕಡಿಮೆ. ತೆರೆದ ಬಾಗಿಲಿನಿಂದ ಒಳಗೆ ಬರುತ್ತಾನೆ. ಬೆಂಗಳೂರಿನಲ್ಲಿ ಪಿಜಿಗಳಿಂದ ಲ್ಯಾಪ್‌ಟಾಪ್ ಕದ್ದವರನ್ನು ಹಿಡಿದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಹೆಚ್ಚಿನವು ಒಂದೇ ರೀತಿ. ಬೆಳಗಿನ ಜಾವ ಅಥವಾ ಸ್ನಾನ, ತಿಂಡಿಯ ಹೊತ್ತು. ಒಬ್ಬ ಸ್ನಾನಕ್ಕೆ ಹೋಗಿರುತ್ತಾನೆ, ಒಬ್ಬ ತಿಂಡಿಗೆ ಇಳಿದಿರುತ್ತಾನೆ, ಇನ್ನೊಬ್ಬ ಮುಸುಕು ಹಾಕಿ ಮಲಗಿರುತ್ತಾನೆ. ಬಾಗಿಲಿಗೆ ಚಿಲಕ ಇಲ್ಲ. ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಬಂದ ಹುಡುಗ ನೋಡಲು ಪಿಜಿ ಹುಡುಗನಂತೆಯೇ ಇರುತ್ತಾನೆ. ಎದುರು ಸಿಕ್ಕವರು ಕೇಳಿದರೆ "ಫ್ರೆಂಡ್ ನೋಡೋಕೆ ಬಂದೆ" ಅಂತಾನೆ. ಎರಡು ನಿಮಿಷದ ಕೆಲಸ.

ಹಾಗಾಗಿ ರೂಮಿನ ಮೂವರೂ ಮೊದಲ ದಿನವೇ ಒಂದು ಒಪ್ಪಂದ ಮಾಡಿಕೊಳ್ಳಬೇಕು. ಕೊನೆಗೆ ಎದ್ದು ಹೋಗುವವರು ಬೀಗ ಹಾಕಬೇಕು. ಒಳಗೆ ಮಲಗಿದವರಿದ್ದರೆ ಒಳಗಿನಿಂದ ಚಿಲಕ. ನೀರು ತರಲು ಹೋದರೂ ಅಷ್ಟೇ. ಇದೊಂದು ನಡೆದರೆ ಅರ್ಧಕ್ಕಿಂತ ಜಾಸ್ತಿ ತಲೆನೋವು ಕಡಿಮೆ.

ಪಿಜಿಯವರು ಕೊಡುವ ಬೀರುವಿನ ಬೀಗ ನಂಬಬೇಡಿ. ಹಿಂದೆ ಇದ್ದವರ ಕೈಯಲ್ಲಿ ಇನ್ನೊಂದು ಕೀ ಇರಬಹುದು. ಬೀಗದ ಕೊಂಡಿ ಹಾಕುವ ಜಾಗ ಇದ್ದರೆ ನಿಮ್ಮದೇ ಬೀಗ ಹಾಕಿ. ಇಲ್ಲದಿದ್ದರೆ ಹಳೇ ಕಾಲದ ತಗಡಿನ ಟ್ರಂಕ್ ತೆಗೆದುಕೊಂಡು ಹೋಗಿ. ಹುಡುಗರು ನಗುತ್ತಾರೆ, ನಗಲಿ. ಟ್ರಂಕನ್ನು ಸರಪಳಿ ಹಾಕಿ ಮಂಚದ ಕಾಲಿಗೆ ಕಟ್ಟಬಹುದು. ರಜೆಗೆ ಊರಿಗೆ ಹೋಗುವಾಗ ಲ್ಯಾಪ್‌ಟಾಪ್ ಬಿಟ್ಟು ಹೋಗಲೇಬೇಡಿ. ದಸರಾ, ದೀಪಾವಳಿ ರಜೆಯಲ್ಲಿ ಇಡೀ ಮಹಡಿ ಖಾಲಿ ಇರುತ್ತದೆ.

ಕಿಟಕಿ ಪಕ್ಕದ ಪ್ಲಗ್‌ನಲ್ಲಿ ಫೋನ್ ಚಾರ್ಜಿಗೆ ಹಾಕಿ ಮಲಗುವವರಿಗೆ ಏನು ಹೇಳೋಣ. ಕಡ್ಡಿಗೆ ಕೊಕ್ಕೆ ಕಟ್ಟಿ ಹೊರಗಿನಿಂದಲೇ ಎಳೆದುಕೊಂಡು ಹೋಗುತ್ತಾರೆ.

ಇನ್ನು ಲೈಬ್ರರಿ. ಸೀಟು ಹಿಡಿಯಲು ಲ್ಯಾಪ್‌ಟಾಪ್ ಇಟ್ಟು ಟೀ ಕುಡಿಯಲು ಹೋಗುವ ಚಾಳಿ ಎಲ್ಲ ಕ್ಯಾಂಪಸ್‌ನಲ್ಲೂ ಇದೆ. ಸೀಟು ಹಿಡಿಯಲು ನೋಟ್‌ಬುಕ್ ಸಾಕು. ಹೋದರೆ ನೋಟ್ಸ್ ಹೋಗುತ್ತದೆ. ಪರೀಕ್ಷೆ ಹತ್ತಿರ ಇದ್ದರೆ ಅದೂ ದೊಡ್ಡ ನಷ್ಟವೇ ಬಿಡಿ.

ಬೈಟು_ಕಾಫಿ

@ಹಾಸ್ಟೆಲ್_ಹಳಬ ಅಣ್ಣಾ, ಎಲ್ಲ ಸರಿ. ಆದರೆ ಟ್ರಂಕು, ಸರಪಳಿ, ಬೀಗ ಅಂತ ಮೊದಲ ದಿನವೇ ಶುರು ಮಾಡಿದರೆ ರೂಮ್‌ಮೇಟ್‌ಗಳು "ನಮ್ಮನ್ನ ಕಳ್ಳರು ಅಂದ್ಕೊಂಡಿದ್ದಾನಾ" ಅಂತ ಮುಖ ತಿರುಗಿಸುತ್ತಾರೆ. ಹಾಸ್ಟೆಲ್‌ನಲ್ಲಿ ನಿಜವಾಗಿ ಕಾಯುವುದು ಬೀಗ ಅಲ್ಲ, ಪಕ್ಕದವರು. ಮಹಡಿಯ ಹುಡುಗರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದರೆ ಹೊರಗಿನವನು ಬಂದರೆ ತಕ್ಷಣ ಗೊತ್ತಾಗುತ್ತದೆ. ನಮ್ಮ ಹಾಸ್ಟೆಲ್‌ನಲ್ಲಿ ಯಾರಾದರೂ ಹೊಸ ಮುಖ ಕಂಡರೆ "ಯಾವ ರೂಮು, ಯಾರು ಬೇಕಿತ್ತು?" ಅಂತ ಕೇಳೇ ಕೇಳುತ್ತಿದ್ದರು. ಮರ್ಯಾದೆಯಿಂದಲೇ. ಕಳ್ಳನಿಗೆ ಆ ಪ್ರಶ್ನೆಗಿಂತ ದೊಡ್ಡ ತೊಂದರೆ ಇಲ್ಲ.

ಹಾಸ್ಟೆಲ್_ಹಳಬ

ಪಕ್ಕದವರು ಚೆನ್ನಾಗಿದ್ದರೆ ಪುಣ್ಯ, ಒಪ್ಪಿದೆ. ಆದರೆ ಪಿಜಿಯಲ್ಲಿ ತಿಂಗಳು ತಿಂಗಳು ಜನ ಬದಲಾಗುತ್ತಾರೆ. ಯಾರ ಪರಿಚಯ ಮಾಡಿಕೊಳ್ಳುತ್ತೀರಿ? ಕಾಲೇಜು ಹಾಸ್ಟೆಲ್‌ಗೆ ನಿಮ್ಮ ಮಾತು, ಪಿಜಿಗೆ ನನ್ನ ಮಾತು. ರಾಜಿ.

ಖಾಕಿ_ನಿವೃತ್ತ

ಇಲಾಖೆಯಲ್ಲಿ ಇದ್ದು ನಿವೃತ್ತನಾದವನು. ಬೀಗದ ಬಗ್ಗೆ ನಾನು ಹೇಳುವುದಿಲ್ಲ. ಕಳುವಾದ ಮೇಲೆ ವಸ್ತು ಸಿಗುವುದು, ಸಿಗದಿರುವುದು ಬಹಳ ಮಟ್ಟಿಗೆ ನೀವು ಮನೆಯಲ್ಲಿ ಇಟ್ಟುಕೊಂಡ ಕಾಗದದ ಮೇಲೆ ನಿಂತಿರುತ್ತದೆ. ಅದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಠಾಣೆಗೆ ಬಂದ ಹುಡುಗನಿಗೆ ನಾವು ಕೇಳುವ ಮೊದಲ ಪ್ರಶ್ನೆ, "ಐಎಂಇಐ ನಂಬರ್ ಎಷ್ಟು?" ಅವನು ಆಕಾಶ ನೋಡುತ್ತಾನೆ. ಐಎಂಇಐ ಅಂದರೆ ಪ್ರತಿ ಫೋನಿಗೂ ಇರುವ 15 ಅಂಕೆಯ ಗುರುತಿನ ಸಂಖ್ಯೆ. ಎರಡು ಸಿಮ್ ಇರುವ ಫೋನಿಗೆ ಎರಡು ಸಂಖ್ಯೆ. ಈಗಲೇ ನಿಮ್ಮ ಫೋನಿನಲ್ಲಿ *#06# ಒತ್ತಿ, ಕಾಣುತ್ತದೆ. ಬರೆದು ಅಪ್ಪ ಅಮ್ಮನಿಗೆ ಕಳಿಸಿ. ಬಿಲ್ಲಿನ ಫೋಟೋ ಕಳಿಸಿ. ಲ್ಯಾಪ್‌ಟಾಪ್ ತಿರುಗಿಸಿದರೆ ಕೆಳಗೆ ಸೀರಿಯಲ್ ನಂಬರ್ ಇರುತ್ತದೆ, ಅದರ ಫೋಟೋ ಕೂಡ. ಸೈಕಲ್ ಇದ್ದರೆ ಫ್ರೇಮ್ ನಂಬರ್. ಇವು ನಿಮ್ಮ ಫೋನಿನಲ್ಲೇ ಇದ್ದರೆ ಏನೂ ಪ್ರಯೋಜನ ಇಲ್ಲ, ಅದೇ ಕಳುವಾಗಿರುತ್ತದಲ್ಲ.

ಎರಡನೆಯದು. ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆ ಇದೆ. ಆನ್‌ಲೈನ್‌ನಲ್ಲೇ ವಿವರ ಹಾಕಿದರೆ ಸ್ವೀಕೃತಿ ಪತ್ರ ಬರುತ್ತದೆ. ಐಡಿ ಕಾರ್ಡು ಬಿದ್ದುಹೋಯಿತು, ಮಾರ್ಕ್ಸ್ ಕಾರ್ಡು ಕಳೆಯಿತು, ಫೋನ್ ಎಲ್ಲೋ ಬಿಟ್ಟೆ, ಇಂಥದ್ದಕ್ಕೆ ಬಹಳ ಅನುಕೂಲ. ಆದರೆ ಯಾರೋ ಕದ್ದಿದ್ದಾರೆ ಅಂತ ಗೊತ್ತಿದ್ದರೆ ಅದರಲ್ಲಿ ಹಾಕಿ ಸುಮ್ಮನಾಗಬೇಡಿ. ಅದು ಕಳೆದುಹೋದ ವಸ್ತುವಿನ ವರದಿ ಮಾತ್ರ. ಎಫ್‌ಐಆರ್ ಅಲ್ಲ, ಅದರ ಮೇಲೆ ಕಳ್ಳತನದ ತನಿಖೆ ಶುರುವಾಗುವುದಿಲ್ಲ. ವಿಮೆ ಇದ್ದರೆ ಕಂಪನಿಯವರೂ ಎಫ್‌ಐಆರ್ ಕೇಳುವುದು ಸಾಮಾನ್ಯ. ಕೆಲವು ಕಡೆ ಸಿಬ್ಬಂದಿಯೇ "ಕಳೆದುಹೋಗಿದೆ ಅಂತ ಬರೆದುಕೊಡಪ್ಪ, ಬೇಗ ಆಗುತ್ತೆ" ಅನ್ನುತ್ತಾರೆ. ನಮ್ಮವರೇ, ಆದರೂ ಹೇಳುತ್ತೇನೆ. ರೂಮಿನಿಂದ ಕದ್ದಿದ್ದರೆ "ಕಳುವಾಗಿದೆ" ಎಂದೇ ದೂರಿನಲ್ಲಿ ಬರೆಯಿರಿ.

ಈಗಿನ ಕಾನೂನು ನಿಮ್ಮ ಪರ ಇದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿವೆ. ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಕೃತ್ಯ ಯಾವ ಠಾಣೆ ವ್ಯಾಪ್ತಿಯಲ್ಲಿ ನಡೆದಿದ್ದರೂ ನೀವು ಹೋದ ಠಾಣೆಯವರು ದೂರು ತೆಗೆದುಕೊಳ್ಳಬೇಕು. ಜೀರೋ ಎಫ್‌ಐಆರ್ ಅನ್ನುವುದು ಇದನ್ನೇ. ಇಲೆಕ್ಟ್ರಾನಿಕ್ ರೂಪದಲ್ಲಿ ದೂರು ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಠಾಣೆಯಲ್ಲಿ ಆಗದಿದ್ದರೆ ಎಸ್‌ಪಿಗೆ, ಬೆಂಗಳೂರಿನಂಥ ಊರಲ್ಲಿ ಡಿಸಿಪಿಗೆ, ಬರವಣಿಗೆಯಲ್ಲಿ ಅಂಚೆ ಮೂಲಕ ಕಳಿಸಬಹುದು.

ಒಂದು ಸೂಕ್ಷ್ಮ ಇದೆ. ನ್ಯಾಯ ಸಂಹಿತೆಯ 303ನೇ ಕಲಂನ ಸಾಮಾನ್ಯ ಕಳ್ಳತನದಲ್ಲಿ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಅದು ಅಸಂಜ್ಞೇಯ. ಅಂದರೆ ಕೋರ್ಟಿನ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಎನ್‌ಸಿಆರ್, ಅಂದರೆ ಅಸಂಜ್ಞೇಯ ಪ್ರಕರಣದ ವರದಿ ಮಾಡಿ ಹಿಂಬರಹ ಕೊಡುತ್ತಾರೆ. ಆದರೆ ವಾಸದ ಕೋಣೆಯಿಂದ ಕದ್ದರೆ, ಅಥವಾ ಪ್ರಯಾಣಿಕರ ಬಸ್ಸು, ರೈಲಿನಿಂದ ಕದ್ದರೆ 305ನೇ ಕಲಂ. ಅದಕ್ಕೆ ಏಳು ವರ್ಷದವರೆಗೆ ಶಿಕ್ಷೆ. ಹಾಗಾಗಿ ಎಲ್ಲಿಂದ ಹೋಯಿತು ಅನ್ನುವುದನ್ನು ಸ್ಪಷ್ಟವಾಗಿ ಬರೆಯಿರಿ. "ನಾನು ವಾಸವಿರುವ ಪಿಜಿಯ ಇಂಥ ನಂಬರಿನ ಕೊಠಡಿಯಿಂದ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯೊಳಗೆ". ಬಿಲ್ಲಿನ ಬೆಲೆಯನ್ನೂ ಬರೆಯಿರಿ.

ತೀರ್ಥಹಳ್ಳಿ_ಮಳೆ

ಸಾರ್, ತುಂಬಾ ಉಪಕಾರ ಆಯಿತು. ಇದನ್ನ ಪ್ರಿಂಟ್ ತೆಗೆದು ಇಬ್ಬರಿಗೂ ಕೊಡುತ್ತೇನೆ. ಫೋನ್ ಬ್ಲಾಕ್ ಮಾಡಿಸುವುದು ಅಂತಾರಲ್ಲ, ಅದು ಸಿಮ್ ಬ್ಲಾಕ್ ಮಾಡಿಸುವುದೇನಾ?

ಚಿಪ್ಪು_ಸರ್ಕ್ಯೂಟು

ಮೊಬೈಲ್ ರಿಪೇರಿ ಅಂಗಡಿ ನಮ್ಮದು, ಇದಕ್ಕೆ ನಾನು ಉತ್ತರಿಸುತ್ತೇನೆ. ಅದೇ ಬೇರೆ, ಇದೇ ಬೇರೆ ಅಕ್ಕಾ.

ಸಿಮ್ ಬ್ಲಾಕ್ ಮಾಡಿಸಿದರೆ ನಿಮ್ಮ ನಂಬರ್ ಮಾತ್ರ ನಿಲ್ಲುತ್ತದೆ. ಫೋನ್ ಬೇರೆ ಸಿಮ್ ಹಾಕಿಕೊಂಡು ಆರಾಮಾಗಿ ಓಡುತ್ತದೆ. ಫೋನನ್ನೇ ನಿಲ್ಲಿಸುವುದು ಸಿಇಐಆರ್ ಅನ್ನುವ ವ್ಯವಸ್ಥೆ. ಕೇಂದ್ರ ದೂರಸಂಪರ್ಕ ಇಲಾಖೆಯದು. ಮೊದಲು ಕರ್ನಾಟಕವೂ ಸೇರಿ ಕೆಲವೇ ಕಡೆ ಇತ್ತು, 2023ರ ಮೇ ತಿಂಗಳಲ್ಲಿ ಇಡೀ ದೇಶಕ್ಕೆ ಬಂತು. ಈಗ ಸಂಚಾರ್ ಸಾಥಿ ವೆಬ್‌ಸೈಟು, ಆ್ಯಪ್ ಎರಡರಲ್ಲೂ ಸಿಗುತ್ತದೆ. ಪೊಲೀಸ್ ದೂರಿನ ಪ್ರತಿ, ಐಎಂಇಐ, ಬಿಲ್ಲು, ಐಡಿ ಹಾಕಿದರೆ ಆ ಐಎಂಇಐ ಎಲ್ಲ ಕಂಪನಿಗಳ ನೆಟ್‌ವರ್ಕ್‌ನಲ್ಲೂ ಬ್ಲಾಕ್ ಆಗುತ್ತದೆ. ಅದಾದ ಮೇಲೆ ಯಾರಾದರೂ ಹೊಸ ಸಿಮ್ ಹಾಕಿದರೆ ಆ ಮಾಹಿತಿ ಪೊಲೀಸರಿಗೆ ಹೋಗುತ್ತದೆ. ಬ್ಲಾಕ್ ಮಾಡಿಸಿದರೆ ಪತ್ತೆ ಆಗುವುದಿಲ್ಲ ಅನ್ನುವುದು ಸುಳ್ಳು. ಠಾಣೆಗಳಲ್ಲಿ ಸಾಲಾಗಿ ಫೋನ್ ಜೋಡಿಸಿ ಮಾಲೀಕರಿಗೆ ವಾಪಸ್ ಕೊಡುವ ಫೋಟೋ ಪೇಪರಿನಲ್ಲಿ ಬರುತ್ತಲ್ಲ, ಅದರಲ್ಲಿ ಬಹಳಷ್ಟು ಇದರಿಂದ ಸಿಕ್ಕಿದ್ದೇ.

ಅರ್ಜಿ ಹಾಕುವಾಗ ಓಟಿಪಿ ಬೇಕು. ಅದಕ್ಕೆ ಕಳುವಾದ ನಂಬರಿಗೆ ಮೊದಲು ಡೂಪ್ಲಿಕೇಟ್ ಸಿಮ್ ತೆಗೆದುಕೊಳ್ಳಿ. ಹೊಸ ಸಿಮ್ ಶುರುವಾದ ಮೇಲೆ ಎಸ್‌ಎಂಎಸ್ ಬರಲು 24 ಗಂಟೆವರೆಗೆ ಆಗಬಹುದು, ಗಾಬರಿ ಆಗಬೇಡಿ. ಫೋನ್ ವಾಪಸ್ ಸಿಕ್ಕ ಮೇಲೆ ಅದೇ ಕಡೆ ಅನ್‌ಬ್ಲಾಕ್ ಕೋರಿಕೆ ಹಾಕಲೇಬೇಕು. ಕೆಲವರು ಅದನ್ನ ಬಿಟ್ಟು "ಸಿಮ್ ಹಿಡೀತಿಲ್ಲ, ರಿಪೇರಿ ಮಾಡಿ" ಅಂತ ಅಂಗಡಿಗೆ ಬರುತ್ತಾರೆ.

ಆದರೆ ಇದೆಲ್ಲಕ್ಕಿಂತ ಮೊದಲ ಅರ್ಧ ಗಂಟೆ ಮುಖ್ಯ. ಕಳ್ಳನಿಗೆ ನಿಮ್ಮ ಫೋನ್ ಲಾಕ್ ತೆಗೆಯಲು ಬರದಿದ್ದರೂ ಸಿಮ್ ತೆಗೆದು ಬೇರೆ ಫೋನಿಗೆ ಹಾಕಲು ಬರುತ್ತದೆ. ಆಗ ನಿಮ್ಮ ಓಟಿಪಿ ಎಲ್ಲ ಅವನ ಕೈಗೆ. ಅದಕ್ಕೇ ಫೋನ್ ಹೋದ ತಕ್ಷಣ ಗೆಳೆಯರ ಫೋನಿನಿಂದ ಮೊದಲು ಸಿಮ್ ಕಂಪನಿಗೆ ಕರೆ ಮಾಡಿ ನಂಬರ್ ನಿಲ್ಲಿಸಿ. ಆಮೇಲೆ ಬ್ಯಾಂಕು. ಆಮೇಲೆ ಗೂಗಲ್ ಖಾತೆಯ ಫೈಂಡ್ ಹಬ್ ತೆರೆದು ಫೋನ್ ಲಾಕ್ ಮಾಡಿ. ಆ್ಯಪಲ್ ಆದರೆ ಫೈಂಡ್ ಮೈ. ಮ್ಯಾಪ್‌ನಲ್ಲಿ ಜಾಗ ಕಾಣಿಸಿತು ಅಂತ ನೀವೇ ಹುಡುಗರನ್ನು ಕಟ್ಟಿಕೊಂಡು ಹೋಗಬೇಡಿ. ಆ ಮ್ಯಾಪ್ ತೋರಿಸಿ ಪೊಲೀಸರನ್ನು ಕರೆದುಕೊಂಡು ಹೋಗಿ.

ಮೊದಲೇ ಮಾಡಬಹುದಾದ ಕೆಲಸ ಒಂದಿದೆ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಪಿನ್ ಹಾಕಿ. ಸಿಮ್ ಬೇರೆ ಫೋನಿಗೆ ಹಾಕಿದರೂ ಪಿನ್ ಕೇಳುತ್ತದೆ. ಮೂರು ಸಲ ತಪ್ಪಾದರೆ ಪಿಯುಕೆ, ಅಂದರೆ ಸಿಮ್ ಲಾಕ್ ಬಿಡಿಸುವ ಇನ್ನೊಂದು ಸಂಖ್ಯೆ, ಕೇಳುತ್ತದೆ. ಪಿಯುಕೆ ಹತ್ತು ಸಲ ತಪ್ಪಾದರೆ ಸಿಮ್ಮೇ ಸತ್ತುಹೋಗುತ್ತದೆ. ನೀವೇ ಪಿನ್ ಮರೆತರೆ ಊಹೆ ಮಾಡುತ್ತಾ ಕೂರಬೇಡಿ, ಕಂಪನಿಯಿಂದ ಪಿಯುಕೆ ಪಡೆಯಿರಿ. ಫೋನ್ ಲಾಕ್ ಇರುವಾಗ ಪರದೆ ಮೇಲೆ ಮೆಸೇಜಿನ ಒಳಗಿನ ಮಾತು ಕಾಣದಂತೆ ಮಾಡಿ. ಓಟಿಪಿ ಓದಲು ಲಾಕ್ ತೆಗೆಯುವುದೇ ಬೇಡ ಅನ್ನುವ ಹಾಗೆ ಎಷ್ಟೋ ಜನ ಇಟ್ಟುಕೊಂಡಿರುತ್ತಾರೆ.

ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವ ಹುಡುಗರಿಗೂ ಒಂದು ಮಾತು. ಕೆವೈಎಂ (KYM) ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಐಎಂಇಐ ಬರೆದು 14422ಗೆ ಎಸ್‌ಎಂಎಸ್ ಮಾಡಿ. ಕಪ್ಪುಪಟ್ಟಿಯಲ್ಲಿದೆಯಾ ಅಂತ ಉತ್ತರ ಬರುತ್ತದೆ. ಬಿಲ್ಲು ಇಲ್ಲದ ಅಗ್ಗದ ಫೋನ್ ಬೇಡವೇ ಬೇಡ. ಕದ್ದ ಮಾಲು ಅಂತ ಗೊತ್ತಿದ್ದೂ ಕೊಂಡವರ ಮೇಲೂ ಕೇಸಾಗುತ್ತದೆ.

ಕೌಂಟರ್_ನಂ_ಮೂರು

ಬ್ಯಾಂಕಿನವಳು. ವಿದ್ಯಾರ್ಥಿಗಳು ದುಡ್ಡು ಕಳೆದುಕೊಂಡು ಬಂದಾಗ ನಾವು ಮೊದಲು ಕೇಳುವುದು "1930ಗೆ ಫೋನ್ ಮಾಡಿದ್ರಾ?" ಆನ್‌ಲೈನ್ ವಂಚನೆಗೆ ಇದು ಇಡೀ ದೇಶಕ್ಕೆ ಒಂದೇ ಸಹಾಯವಾಣಿ. ಬೇಗ ಮಾಡಿದರೆ ದುಡ್ಡು ಮುಂದಿನ ಖಾತೆಯಲ್ಲೇ ತಡೆಯುವ ಅವಕಾಶ ಇರುತ್ತದೆ. ಮಾರನೇ ದಿನ ಮಾಡಿದರೆ ಅದು ಐದಾರು ಖಾತೆ ದಾಟಿ ಎಟಿಎಂನಿಂದ ಹೊರಗೆ ಬಂದಿರುತ್ತದೆ. ನಮ್ಮ ರಾಜ್ಯದಲ್ಲಿ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ನೋಡುವ ಸೆನ್ ಠಾಣೆಗಳಿವೆ. ಅಲ್ಲಿಗೂ ಹೋಗಬಹುದು.

ನಿಮ್ಮ ತಪ್ಪಿಲ್ಲದೆ ಯಾರೋ ಹೊರಗಿನವರಿಂದ ದುಡ್ಡು ಹೋಗಿದ್ದರೆ ಆರ್‌ಬಿಐ 2017ರಲ್ಲಿ ತಂದ ನಿಯಮ ನೆನಪಿರಲಿ. ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ ಎಂದು ಅದರಲ್ಲಿದೆ. ಆದರೆ ನೀವೇ ಪಿನ್ನು, ಓಟಿಪಿ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಆದ ನಷ್ಟ ನಿಮ್ಮದೇ. ಯಾವ ರೀತಿ ನೋಡಿದರೂ ತಡ ಮಾಡಿದರೆ ನಿಮಗೇ ಲುಕ್ಸಾನು. ಮನೆಯಲ್ಲಿ ಬೈಯುತ್ತಾರೆ ಅಂತ ಮಕ್ಕಳು ಎರಡು ದಿನ ಮುಚ್ಚಿಡುತ್ತಾರೆ. ಅಪ್ಪ ಅಮ್ಮಂದಿರು ಇದನ್ನು ಓದುತ್ತಿದ್ದರೆ, ಮೊದಲೇ ಹೇಳಿಬಿಡಿ, "ಬೈಯಲ್ಲ, ತಕ್ಷಣ ಹೇಳು" ಅಂತ.

ಹಳೇ ಸಾಮಾನು ಮಾರುವಾಗ "ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅನ್ನುವವರು ಇನ್ನೂ ಇದ್ದಾರೆ. ದುಡ್ಡು ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ, ಅಷ್ಟೇ.

ನನಗೆ ನಿಜವಾಗಿ ಹೊಟ್ಟೆ ಉರಿಯುವ ವಿಷಯ ಬೇರೆ. ಖಾತೆ ಬಾಡಿಗೆಗೆ ಕೊಡುವುದು. ಸೀನಿಯರ್ ಒಬ್ಬ ಬರುತ್ತಾನೆ. "ನಿನ್ನ ಅಕೌಂಟು, ಎಟಿಎಂ ಕಾರ್ಡು, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡ್ತೀನಿ. ಗೇಮಿಂಗ್ ದುಡ್ಡು, ಏನೂ ಆಗಲ್ಲ." ಹುಡುಗ ಕೊಡುತ್ತಾನೆ. ಆ ಖಾತೆಗೆ ಬರುವುದು ಎಲ್ಲೋ ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ಯಾರೋ ನಿವೃತ್ತ ಮೇಷ್ಟ್ರಿಂದ ಕಿತ್ತ ದುಡ್ಡು. ಖಾತೆ ಫ್ರೀಜ್ ಆಗುತ್ತದೆ. ಬೇರೆ ರಾಜ್ಯದ ಪೊಲೀಸರು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರನ್ನೇ. ಸೀನಿಯರ್ ಅಷ್ಟೊತ್ತಿಗೆ ನಂಬರ್ ಬದಲಾಯಿಸಿರುತ್ತಾನೆ. ಕೆಲಸಕ್ಕೆ ಸೇರುವ ಹೊತ್ತಿಗೆ ಹೆಸರಿನ ಮೇಲೆ ಕೇಸು. ಲ್ಯಾಪ್‌ಟಾಪ್ ಹೋದರೆ ಸಾಲ ಮಾಡಿ ಇನ್ನೊಂದು ತರಬಹುದು.

ಗಂಗೋತ್ರಿ_ಸಂಜೆ

ಇಷ್ಟೊತ್ತು ವಸ್ತುಗಳ ಮಾತಾಯಿತು. ಜೀವದ ಮಾತು ಸ್ವಲ್ಪ ಆಡೋಣವಾ? ಮೈಸೂರಿನ ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದೇನೆ. ಕ್ಯಾಂಪಸ್ ಚೆಂದ, ಮರ ಜಾಸ್ತಿ, ಸಂಜೆ ಆದ ಮೇಲೆ ಕತ್ತಲೆಯೂ ಜಾಸ್ತಿ. ಬೆಂಗಳೂರಿನ ಜ್ಞಾನಭಾರತಿಯಂಥ ದೊಡ್ಡ ಕ್ಯಾಂಪಸ್ ಕೂಡ ಹೀಗೇ, ಕಾಡಿನಂಥ ರಸ್ತೆಗಳು.

ನಾವು ಹುಡುಗಿಯರು ಮಾಡುವುದು ಇಷ್ಟು. ಲೈಬ್ರರಿಯಿಂದ ಹಾಸ್ಟೆಲ್‌ಗೆ ಹೋಗುವವರು ಒಂದು ಹೊತ್ತು ಗೊತ್ತು ಮಾಡಿಕೊಂಡು ಗುಂಪಾಗಿ ಹೊರಡುತ್ತೇವೆ. ಒಳದಾರಿ ಹತ್ತಿರ ಆದರೂ ದೀಪ ಇರುವ ದಾರಿಯಲ್ಲೇ ಹೋಗುತ್ತೇವೆ. ಎರಡೂ ಕಿವಿಗೆ ಇಯರ್‌ಫೋನ್ ಹಾಕುವುದಿಲ್ಲ. ಆಟೋ ಹತ್ತಿದರೆ ಟ್ರಿಪ್ ಶೇರ್ ಮಾಡುತ್ತೇವೆ, ರೂಮಿಗೆ ತಲುಪಿದ ಮೇಲೆ ಗುಂಪಿನಲ್ಲಿ ಒಂದು ಮೆಸೇಜ್. ಯಾರದ್ದಾದರೂ ಮೆಸೇಜ್ ಬರಲಿಲ್ಲ ಅಂದರೆ ಫೋನ್ ಮಾಡುತ್ತೇವೆ. ಕೆಟ್ಟು ನಿಂತ ಬೀದಿ ದೀಪಗಳ ಕಂಬದ ನಂಬರ್ ಬರೆದು, ಸಹಿ ಮಾಡಿಸಿ ಕುಲಸಚಿವರ ಕಚೇರಿಗೆ ಕೊಟ್ಟೆವು. ಒಬ್ಬಳು ಹೋಗಿ ಹೇಳಿದರೆ ಆಗದ ಕೆಲಸ, ನೂರು ಸಹಿ ಇದ್ದರೆ ಆಗುತ್ತದೆ.

ಏನೇ ಆದರೂ 112. ಪೊಲೀಸ್, ಆಂಬ್ಯುಲೆನ್ಸ್, ಅಗ್ನಿಶಾಮಕ ಎಲ್ಲಕ್ಕೂ ಅದೇ. ಮಹಿಳಾ ಸಹಾಯವಾಣಿ 181. ಬೆಂಗಳೂರಿನ ಕೆಲವು ರಸ್ತೆಗಳಲ್ಲಿ ಸೇಫ್ ಸಿಟಿ ಯೋಜನೆಯ ಸೇಫ್ಟಿ ಐಲ್ಯಾಂಡ್ ಕಂಬಗಳಿವೆ. ಗುಂಡಿ ಒತ್ತಿದರೆ ಪೊಲೀಸ್ ಕಂಟ್ರೋಲ್ ರೂಮಿನವರು ಮಾತಿಗೆ ಸಿಗುತ್ತಾರೆ. ಫೋನಿನ ಎಮರ್ಜೆನ್ಸಿ ಎಸ್‌ಒಎಸ್ ಸೆಟ್ಟಿಂಗ್ ಇವತ್ತೇ ಹಾಕಿಕೊಳ್ಳಿ. ತೊಂದರೆಯ ಹೊತ್ತಲ್ಲಿ ಆ್ಯಪ್ ಹುಡುಕಲು ಕೈ ನಡುಗುತ್ತದೆ.

ತೊಂದರೆ ಕೊಡುವವನು ಯಾವಾಗಲೂ ಕತ್ತಲಲ್ಲಿ ನಿಂತ ಅಪರಿಚಿತನೇ ಆಗಿರಬೇಕಿಲ್ಲ. ಮೇಷ್ಟ್ರು, ಸೀನಿಯರ್, ಸಹಪಾಠಿ, ಪಿಜಿ ನೋಡಿಕೊಳ್ಳುವವನು ಕೂಡ ಆಗಿರಬಹುದು. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ನಿಯಮಗಳ ಪ್ರಕಾರ ಪ್ರತಿ ಕಾಲೇಜು, ವಿಶ್ವವಿದ್ಯಾಲಯದಲ್ಲಿ ಆಂತರಿಕ ದೂರು ಸಮಿತಿ ಇರಬೇಕು. ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು, ಕಾರಣ ಇದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಸಮಿತಿಯಲ್ಲಿ ಯಾರಿದ್ದಾರೆ ಅಂತ ನೋಟಿಸ್ ಬೋರ್ಡಿನಲ್ಲಿ ಇರಬೇಕು. ಸೇರಿದ ಮೊದಲ ವಾರ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ರ್‍ಯಾಗಿಂಗ್‌ಗೆ ಬೇರೆ ಸಹಾಯವಾಣಿ ಇದೆ, 1800-180-5522. ದಿನದ 24 ಗಂಟೆ. ಯುಜಿಸಿಯ 2009ರ ನಿಯಮದಂತೆ ಕಾಲೇಜು ಇದನ್ನು ಮುಚ್ಚಿಹಾಕುವಂತಿಲ್ಲ.

ಕಬ್ಬಿನ_ಗದ್ದೆ

ಏಳು ಗಂಟೆಯೊಳಗೆ ರೂಮಿಗೆ ಬಂದುಬಿಟ್ಟರೆ ಇಷ್ಟೆಲ್ಲ ಬೇಕಾಗಲ್ಲ ಅಲ್ವಾ? ನಮ್ಮ ಕಾಲದಲ್ಲಿ ಹಾಗೇ ಇತ್ತು.

ಗಂಗೋತ್ರಿ_ಸಂಜೆ

ಅಂಕಲ್, ಲೈಬ್ರರಿ ಮುಚ್ಚುವುದೇ ಏಳರ ನಂತರ. ಲ್ಯಾಬ್ ಪ್ರಯೋಗ ಗಡಿಯಾರ ನೋಡಿ ಮುಗಿಯುವುದಿಲ್ಲ. ಗೇಟು ಹಾಕಿದರೆ ತಡವಾದ ಹುಡುಗಿ ಕತ್ತಲಲ್ಲಿ ಹೊರಗೆ ನಿಲ್ಲುತ್ತಾಳೆ. ಅದು ಸುರಕ್ಷತೆ ಹೇಗಾಗುತ್ತದೆ? ತಡವಾದರೆ ವಾರ್ಡನ್‌ಗೆ ಫೋನ್ ಮಾಡಿದರೆ ಬೈಗುಳ ತಿನ್ನದೆ ಒಳಗೆ ಬರುವಂತಿರಬೇಕು. ಬೈಗುಳಕ್ಕೆ ಹೆದರಿ "ಫ್ರೆಂಡ್ ಮನೆಯಲ್ಲಿದ್ದೇನೆ" ಅಂತ ಸುಳ್ಳು ಹೇಳಿದಾಗ ಅವಳು ನಿಜವಾಗಿ ಎಲ್ಲಿದ್ದಾಳೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಸಾಧನಕೇರಿ_ಸೈಕಲ್

ಧಾರವಾಡಕ್ಕೆ ಬರುವ ತಮ್ಮನಿಗೆ ಸ್ವಾಗತ. ಊರು ಶಾಂತ ಐತಿ, ಚಿಂತಿ ಬ್ಯಾಡ. ದಾರಿಯ ಬಗ್ಗೆ ಎರಡು ಮಾತು ಹೇಳುತ್ತೇನೆ, ಯಾಕೆಂದರೆ ಹಾಸ್ಟೆಲ್ ಹುಡುಗರ ಸಾಮಾನು ರೂಮಿಗಿಂತ ದಾರಿಯಲ್ಲೇ ಜಾಸ್ತಿ ಹೋಗುತ್ತದೆ.

ರಾತ್ರಿ ರೈಲಿನಲ್ಲಿ ಬರುವಾಗ ಲ್ಯಾಪ್‌ಟಾಪ್ ಬ್ಯಾಗ್ ಸೀಟಿನ ಕೆಳಗೆ ಬೇಡ, ತಲೆದಿಂಬಿನ ಜಾಗದಲ್ಲಿ ಇಟ್ಟು ಪಟ್ಟಿಯನ್ನು ಕೈಗೆ ಸುತ್ತಿಕೊಳ್ಳಿ. ದೊಡ್ಡ ಸೂಟ್‌ಕೇಸ್ ಸೀಟಿನ ಕೆಳಗಿನ ಕೊಂಡಿಗೆ ಸರಪಳಿ ಹಾಕಿ. ರೈಲಿನಲ್ಲಿ ಕಳುವಾದರೆ ರೈಲ್ವೆ ಸಹಾಯವಾಣಿ 139. ಟಿಟಿಇ, ರೈಲ್ವೆ ಪೊಲೀಸರಿಗೆ ರೈಲಿನಲ್ಲೇ ದೂರು ಕೊಡಬಹುದು. ಊರು ತಲುಪುವವರೆಗೆ ಕಾಯಬೇಕಿಲ್ಲ. ಬಸ್ಸಿನಲ್ಲಿ ಪಿಕ್‌ಪಾಕೆಟ್ ಆಗುವುದು ಕೂತಾಗ ಅಲ್ಲ, ಹತ್ತುವಾಗ, ಇಳಿಯುವಾಗ. ಮೆಜೆಸ್ಟಿಕ್‌ನಲ್ಲಿ ಬಸ್ ಬಂದ ತಕ್ಷಣ ನುಗ್ಗುತ್ತೇವಲ್ಲ, ಆ ಕ್ಷಣ. ಬೆನ್ನಿನ ಬ್ಯಾಗನ್ನು ಹೊಟ್ಟೆ ಕಡೆಗೆ ಹಾಕಿಕೊಳ್ಳಿ, ಫೋನು ಹಿಂದಿನ ಜೇಬಿನಲ್ಲಿ ಬೇಡ.

ಮತ್ತೆ, ಒರಿಜಿನಲ್ ಮಾರ್ಕ್ಸ್ ಕಾರ್ಡುಗಳ ಫೈಲ್. ದಾಖಲಾತಿ ದಿನ ಬೇಕು, ನಿಜ. ಕೆಲಸ ಮುಗಿದ ಮೇಲೆ ಅದನ್ನು ರೂಮಿನಲ್ಲಿ ಇಡಬೇಡಿ, ಮನೆಗೆ ವಾಪಸ್ ಕಳಿಸಿ. ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿ ಎಸ್‌ಎಸ್‌ಎಲ್‌ಸಿ, ಪಿಯು ಅಂಕಪಟ್ಟಿ ಇಳಿಸಿಟ್ಟುಕೊಳ್ಳಿ. ಅದರಲ್ಲಿ ಮಂಡಳಿಯೇ ನೀಡಿದ ದಾಖಲೆಗೆ 2016ರ ನಿಯಮದಂತೆ ಒರಿಜಿನಲ್‌ನಷ್ಟೇ ಬೆಲೆ. ಕಳ್ಳನಿಗೆ ಆ ಫೈಲಿನಿಂದ ನಯಾಪೈಸೆ ಲಾಭ ಇಲ್ಲ. ಆದರೆ ಬ್ಯಾಗಿನ ಜೊತೆ ಹೋದರೆ ನೀವು ಒಂದೊಂದು ಕಚೇರಿಯ ಬಾಗಿಲಿಗೂ ಅಲೆಯಬೇಕು.

ಬೈಟು_ಕಾಫಿ

ಪಿಜಿ ಹುಡುಕುವವರಿಗೆ ನನ್ನದೊಂದು ಸೇರಿಸುತ್ತೇನೆ. ಆನ್‌ಲೈನ್‌ನಲ್ಲಿ ಫೋಟೋ ನೋಡಿ ಟೋಕನ್ ಅಡ್ವಾನ್ಸ್ ಹಾಕಬೇಡಿ. ಆ ಫೋಟೋ ಬೇರೆ ಯಾರದ್ದೋ ಮನೆಯದು ಆಗಿರುತ್ತದೆ. ಕಣ್ಣಾರೆ ನೋಡಿ, ಇರುವ ಹುಡುಗರ ಹತ್ತಿರ ಮಾತಾಡಿ, ಆಮೇಲೆ ದುಡ್ಡು. ಅಡ್ವಾನ್ಸಿಗೆ ರಸೀದಿ ತೆಗೆದುಕೊಳ್ಳಿ.

ಆಧಾರ್ ಕೇಳುತ್ತಾರೆ. ಮಾಸ್ಕ್ಡ್ ಆಧಾರ್ ಕೊಡಿ. ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುತ್ತದೆ. ಆಧಾರ್ ವೆಬ್‌ಸೈಟಿನಲ್ಲೇ ಇಳಿಸಬಹುದು. ಜೆರಾಕ್ಸ್ ಕೊಟ್ಟರೆ ಅದರ ಮೇಲೆ ಅಡ್ಡಲಾಗಿ "ಪಿಜಿ ವಾಸಕ್ಕೆ ಮಾತ್ರ" ಅಂತ ದಿನಾಂಕ ಹಾಕಿ ಬರೆಯಿರಿ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅನ್ನುವುದು ಸಂಚಾರ್ ಸಾಥಿಯಲ್ಲಿ ಕಾಣುತ್ತದೆ, ಆಗಾಗ ನೋಡಿ.

ಬೆಂಗಳೂರಲ್ಲಿ 2024ರಲ್ಲಿ ಪಿಜಿಯೊಳಗೇ ಒಂದು ಕೊಲೆ ನಡೆದ ಮೇಲೆ ಆಗಿನ ಬಿಬಿಎಂಪಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿತು. ಸಿಸಿಟಿವಿ, ಕಾವಲಿನವರು, ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ಹೀಗೆ. ನೋಡಲು ಹೋದಾಗ ಸಿಸಿಟಿವಿ ಎಲ್ಲಿದೆ ಅಂತ ನೋಡಿದರೆ ಸಾಲದು. ಅದರ ಟಿವಿ ತೋರಿಸಿ ಅನ್ನಿ. ಎಷ್ಟೋ ಕಡೆ ಕ್ಯಾಮೆರಾ ಇರುತ್ತದೆ, ವೈರು ಇರುವುದಿಲ್ಲ. ಬೆಂಕಿ ಬಿದ್ದರೆ ಇಳಿಯಲು ಇನ್ನೊಂದು ಮೆಟ್ಟಿಲು ಇದೆಯಾ, ರಾತ್ರಿ ಗೇಟಿನ ಬೀಗದ ಕೀ ಯಾರ ಹತ್ತಿರ ಇರುತ್ತದೆ, ಇದನ್ನೂ ಕೇಳಿ. ಇದನ್ನ ಯಾರೂ ಕೇಳುವುದೇ ಇಲ್ಲ.

ತೀರ್ಥಹಳ್ಳಿ_ಮಳೆ

ಎಲ್ಲರಿಗೂ ಧನ್ಯವಾದ. ಇಬ್ಬರ ಐಎಂಇಐ, ಸೀರಿಯಲ್ ನಂಬರ್ ಬರೆಸಿ ಅಕ್ಕನ ಮನೆ ಕ್ಯಾಲೆಂಡರ್ ಹಿಂದೆ ಅಂಟಿಸಿದ್ದಾಯಿತು. ಕೊನೆಯದಾಗಿ ಒಂದು ಪ್ರಶ್ನೆ ಸಾರ್. ಕಳುವಾದ ಮೇಲೆ ಪಿಜಿಯವರು "ಸಿಸಿಟಿವಿ ನಿಮಗೆ ತೋರಿಸೋಕೆ ಆಗಲ್ಲ" ಅಂದರೆ?

ಖಾಕಿ_ನಿವೃತ್ತ

ಜಗಳ ಆಡಬೇಡಿ. ತೋರಿಸದಿದ್ದರೂ ಪರವಾಗಿಲ್ಲ, ಅಳಿಸಬಾರದು ಅಷ್ಟೇ. ಹೆಚ್ಚಿನ ಕಡೆ ದೃಶ್ಯ ಉಳಿಸುವ ಡಬ್ಬಿಯಲ್ಲಿ ಜಾಗ ತುಂಬಿದ ಹಾಗೆ ಹಳೆಯದರ ಮೇಲೆ ಹೊಸದು ಬೀಳುತ್ತದೆ. ಅದಕ್ಕೇ ಅದೇ ದಿನ ಪಿಜಿಯವರಿಗೆ ವಾಟ್ಸಾಪ್ ಮಾಡಿ, "ಇಂಥ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗಿನ ದೃಶ್ಯ ಉಳಿಸಿಡಿ, ಪೊಲೀಸರಿಗೆ ಬೇಕು". ಬರವಣಿಗೆಯಲ್ಲಿ ಇರಲಿ. ದೂರಿನಲ್ಲೂ "ಸ್ಥಳದಲ್ಲಿ ಸಿಸಿಟಿವಿ ಇದ್ದು, ಅದನ್ನು ಪಡೆದುಕೊಳ್ಳಬೇಕೆಂದು ಕೋರುತ್ತೇನೆ" ಅಂತ ಒಂದು ಸಾಲು ಸೇರಿಸಿ. ಪೊಲೀಸರು ಕೇಳಿದರೆ ಅವರು ಕೊಡಲೇಬೇಕು. ಎದುರುಗಡೆ ಅಂಗಡಿ, ಪಕ್ಕದ ಮನೆಯ ಕ್ಯಾಮೆರಾಗಳನ್ನೂ ನೋಡಿಕೊಂಡು ಬಂದು ತನಿಖೆ ಮಾಡುವವರಿಗೆ ತಿಳಿಸಿ. ಕಳ್ಳ ಒಳಗೆ ಮುಖ ಮುಚ್ಚಿಕೊಂಡಿದ್ದರೂ ಬೀದಿಯಲ್ಲಿ ಗಾಡಿ ಹತ್ತುವಾಗ ಮುಚ್ಚಿಕೊಂಡಿರುವುದಿಲ್ಲ. ಗಾಡಿ ನಂಬರ್ ಸಿಗುವುದು ಅಲ್ಲೇ.